ಅಪ್ಪನ ಬೆರಳಿಗೊಂದು ಮೀನು

ಅಪ್ಪನಿಗೆ ಇನ್ನು ಗಾಳ ಬೀಸಲು ಆಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ನಾನು ಟ್ರೋಲಿಂಗ್ ಎಂದರೇನು ಎಂದು ತಿಳಿದುಕೊಂಡೆ. ದೋಣಿ ನಿಧಾನವಾಗಿ ಸಾಗುತ್ತಿರುತ್ತದೆ, ಗಾಳ ಅದರ ಹಿಂದೆ ನೀರಿನೊಳಗೆ ಎಳೆಸಿಕೊಂಡು ಬರುತ್ತಿರುತ್ತದೆ. ಕೈ ಬೀಸಬೇಕಿಲ್ಲ, ಕೋಲು ಹಿಡಿಯಬೇಕಿಲ್ಲ. ಕೂತಿದ್ದರೆ ಸಾಕು. ಲಕ್ವ ಹೊಡೆದ ಮೇಲೆ ಅಪ್ಪನಿಗೆ ಉಳಿದಿದ್ದ ಕೆಲಸ ಅದೊಂದೇ, ಕೂತಿರುವುದು.

ಅಪ್ಪ ಆಟೋ ಓಡಿಸುತ್ತಿದ್ದ. ಹಲಸೂರಿನ ಸ್ಟ್ಯಾಂಡು, ಜೋಗುಪಾಳ್ಯದ ಬಾಡಿಗೆ ಮನೆ, ಭಾನುವಾರವಾದರೆ ಕೆ.ಆರ್. ಪುರದ ಆಚೆಯ ಕೆರೆ. ಆ ಆಟೋದಲ್ಲೇ ನಾನು ಕಾಲೇಜಿಗೆ ಹೋಗಿದ್ದು, ಎಲೆಕ್ಟ್ರಾನಿಕ್ಸ್ ತಗೊಂಡು ಬಿ.ಎಸ್ಸಿ. ಮುಗಿಸಿದ್ದು. ಅಪ್ಪನ ಕಡೆ, ಅಮ್ಮನ ಕಡೆ, ಎರಡೂ ಕಡೆಯ ನೆಂಟರಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೂ ಪುಕ್ಕಟೆ ಕೊಟ್ಟಿದ್ದಲ್ಲ. ಈಗ ಇಂದಿರಾನಗರದಲ್ಲಿ ಲಿಫ್ಟ್ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ನಡುವೆ ನಿಂತ ಲಿಫ್ಟಿನಲ್ಲಿ ಸಿಕ್ಕಿಬಿದ್ದವರು ಬಾಗಿಲ ಸಂದಿಯಿಂದ ನನ್ನನ್ನು ನೋಡಿ ‘ಮೆಕ್ಯಾನಿಕ್ ಎಲ್ಲಮ್ಮಾ?’ ಎಂದು ಕೇಳುತ್ತಾರೆ. ನಾನೇ ಎಂದು ಹೇಳಿ ಬಾಗಿಲು ತೆಗೆಯುತ್ತೇನೆ.

ಕೆರೆಯಲ್ಲಿ ಅಪ್ಪನಿಗೆ ಕೋಲೂ ಬೇಕಿರಲಿಲ್ಲ. ಖಾಲಿ ಬಾಟಲಿಗೆ ಸುತ್ತಿದ ತಂಗೂಸು ಎಂಬ ನೈಲಾನ್ ದಾರ, ತುದಿಗೆ ಗಾಳ. ಎಸೆದು, ದಾರವನ್ನು ಬಲಗೈಯ ತೋರುಬೆರಳ ಮೇಲೆ ಹಾಯಿಸಿ, ಕಣ್ಣು ಮುಚ್ಚಿ ಕೂರುತ್ತಿದ್ದ. ನಿದ್ದೆ ಮಾಡುತ್ತಿದ್ದಾನೆ ಎಂದು ಪಕ್ಕದವರು ನಗುವಷ್ಟರಲ್ಲಿ ಬೆರಳು ಚಿಮ್ಮುತ್ತಿತ್ತು, ಮೀನು ಮೇಲೆ ಬರುತ್ತಿತ್ತು.

ಲಕ್ವ ಹೊಡೆದಿದ್ದು ಆ ಬಲಗೈಗೇ. ಕಾಲು ಎಳೆದುಕೊಂಡು ನಡೆಯುವಷ್ಟಾಯಿತು. ಮಾತು ತೊದಲಿ, ಆಮೇಲೆ ತಿಳಿಯಾಯಿತು. ಕೈ ಮಾತ್ರ ಹಾಗೇ ಉಳಿಯಿತು. ತಳ್ಳಿದರೆ ಒಂದಿಷ್ಟು ಸರಿಯುತ್ತಿತ್ತು, ಆದರೆ ಮುಟ್ಟಿದ್ದು ತಿಳಿಯುತ್ತಿರಲಿಲ್ಲ. ಫಿಸಿಯೋಥೆರಪಿಯ ಹುಡುಗಿ ಮನೆಗೆ ಬಂದು, ಅವನ ಕಣ್ಣು ಮುಚ್ಚಿಸಿ, ಬೆರಳಿಗೆ ಹತ್ತಿ ತಾಗಿಸಿ ‘ಗೊತ್ತಾಯ್ತಾ ಅಂಕಲ್?’ ಎನ್ನುತ್ತಿದ್ದಳು. ಅಪ್ಪ ‘ಹ್ಞೂಂ’ ಎನ್ನುತ್ತಿದ್ದ. ಹತ್ತಿ ತಾಗಿಸದೆ ಕೇಳಿದರೂ ‘ಹ್ಞೂಂ.’

ಒಂದು ದಿನ ಅವಳು ಹೋದ ಮೇಲೆ ಅಪ್ಪ ನನ್ನನ್ನು ಕರೆದ.

“ಹತ್ತಿಗೆಲ್ಲ ಏಳೋ ಕೈಯಲ್ಲ ಕಣಮ್ಮ ಇದು. ಒಂದು ಮೀನು ಎಳೀಬೇಕು. ಆಗ ಏಳುತ್ತೆ.”

“ಡಾಕ್ಟ್ರು ಹಂಗೇನೂ ಹೇಳಿಲ್ಲ ಅಪ್ಪ.”

“ಡಾಕ್ಟ್ರು ಯಾವತ್ತು ಮೀನು ಹಿಡಿದವ್ರೆ?”

ಅದೊಂದು ನಂಬಿಕೆ ಅವನೊಳಗೆ ಕೂತುಬಿಟ್ಟಿತು. ಊಟಕ್ಕೆ ಕೂತರೆ ಅದೇ ಮಾತು. ನಿಜವಾಗುತ್ತದೆ ಎಂದು ನಾನು ನಂಬಿರಲಿಲ್ಲ. ಆದರೆ ಆಗುವುದೇ ಇಲ್ಲ ಎಂದು ಹೇಳಲು ನನಗೂ ಬಾಯಿ ಬರಲಿಲ್ಲ. ನನ್ನ ಕೈಯಲ್ಲಿದ್ದದ್ದು ಒಂದೇ, ಮೀನು ಖಂಡಿತ ಬಂದು ಎಳೆಯುವ ಹಾಗೆ ಎಲ್ಲವನ್ನೂ ಜೋಡಿಸುವುದು.

ಶಿವಾಜಿನಗರದ ಒಂದು ಅಂಗಡಿಗೆ ಹೋದೆ. ಬಲೆ, ಹಗ್ಗ, ಗಾಳ ಎಲ್ಲ ಇಟ್ಟ ಇಕ್ಕಟ್ಟಿನ ಅಂಗಡಿ. ಅಂಗಡಿಯ ಸಾಹೇಬರು ನನ್ನ ಹಿಂದೆ ಯಾರಾದರೂ ಗಂಡಸರು ಬರುತ್ತಾರೇನೋ ಎಂದು ಬಾಗಿಲ ಕಡೆ ನೋಡಿದರು.

“ಯಾರಿಗೆ ಮೇಡಂ, ತಮ್ಮಂಗಾ?”

“ಅಪ್ಪಂಗೆ. ಬಲಗೈ ಸ್ವಾಧೀನ ಇಲ್ಲ. ತಿರುಗಿಸೋ ಹಿಡಿ ಎಡಗಡೆ ಇರೋ ರೀಲು ತೋರ್ಸಿ.”

“ಅರೆ, ಪಾಪ. ಮನೇಲಿ ಆರಾಮಾಗಿ ಟಿವಿ ನೋಡೋದು ಬಿಟ್ಟು ಯಾಕೆ ಮೇಡಂ ಇದೆಲ್ಲ?”

“ಟಿವಿ ನೋಡಿದ್ರೆ ಅವ್ರಿಗೆ ಬಿ.ಪಿ. ಏರುತ್ತೆ.”

ಅವರು ನಕ್ಕು ಸ್ಟೂಲು ಎಳೆದುಕೊಟ್ಟರು. ರೀಲು ಸಿಕ್ಕಿತು, ಕೋಲನ್ನು ದೋಣಿಯ ಅಂಚಿಗೆ ಬಿಗಿದು ನಿಲ್ಲಿಸುವ ಹೋಲ್ಡರ್ ಸಿಕ್ಕಿತು. ನೀರಿನಲ್ಲಿ ಎಳೆದರೆ ಬಾಲ ಆಡಿಸುವ ಪ್ಲಾಸ್ಟಿಕ್ ಮೀನು ಸಿಕ್ಕಿತು. ದಾರದ ವಿಷಯಕ್ಕೆ ಮಾತ್ರ ತಡವಾಯಿತು. ತಂಗೂಸು ರಬ್ಬರಿನ ಹಾಗೆ ಹಿಗ್ಗುತ್ತದೆ. ದೂರದಲ್ಲಿ ಮೀನು ಕಚ್ಚಿದ ಅರ್ಧ ಏಟು ಆ ಹಿಗ್ಗಿನಲ್ಲೇ ಕರಗಿಹೋಗುತ್ತದೆ. ಎಳೆಗಳನ್ನು ಹೆಣೆದು ಮಾಡಿದ ದಾರ ಹಿಗ್ಗುವುದಿಲ್ಲ. ಆ ತುದಿಯಲ್ಲಿ ಆದದ್ದೆಲ್ಲ ಈ ತುದಿಗೆ ಬರುತ್ತದೆ. ನನಗೆ ಅದೇ ಬೇಕಿತ್ತು.

“ಇದು ಬೆರಳು ಕುಯ್ಯುತ್ತೆ ಮೇಡಂ, ಹುಷಾರು. ಗ್ಲೌಸ್ ಕೊಡ್ಲಾ?”

ಬೇಡ ಎಂದೆ. ಗ್ಲೌಸ್ ಹಾಕಿದರೆ ಹೋಗುವ ಉದ್ದೇಶವೇ ಕೆಡುತ್ತಿತ್ತು.

ಕೆರೆಯಲ್ಲಿ ಮೀನು ಸಾಕಲು ಗುತ್ತಿಗೆ ಹಿಡಿದವನು ಅಪ್ಪನ ಹಳೆಯ ಪರಿಚಯ. ತನ್ನ ಚಿಕ್ಕ ಫೈಬರ್ ದೋಣಿಯನ್ನು ಭಾನುವಾರ ನಮಗೆ ಬಿಟ್ಟುಕೊಟ್ಟ. ದೋಣಿಯ ಹಿಂದಕ್ಕೆ ಬ್ಯಾಟರಿಯಲ್ಲಿ ಓಡುವ ಸಣ್ಣ ಮೋಟರ್ ಬಿಗಿದೆ. ಸದ್ದಿಲ್ಲದೆ, ಮನುಷ್ಯ ನಡೆಯುವಷ್ಟೇ ವೇಗದಲ್ಲಿ ಅದು ದೋಣಿಯನ್ನು ತಳ್ಳುತ್ತದೆ. ನನ್ನ ಮುಂದೆ ಫಿಶ್ ಫೈಂಡರ್ ಇಟ್ಟುಕೊಂಡೆ. ಅದರ ಸೆನ್ಸರ್ ನೀರಿನೊಳಗೆ ಶಬ್ದ ಕಳಿಸಿ, ಹಿಂದಿರುಗಿದ್ದನ್ನು ಕೇಳಿ, ಕೆಳಗೆ ಏನಿದೆ ಎಂದು ಪರದೆಯ ಮೇಲೆ ತೋರಿಸುತ್ತದೆ. ಮೊದಲ ಸಲ ಮೋಟರ್ ಹಾಕಿದ ಕೂಡಲೇ ಪರದೆಯ ತುಂಬ ಚುಕ್ಕೆಗಳ ಮಳೆ. ಒಂದೇ ಬ್ಯಾಟರಿಯಿಂದ ಎರಡಕ್ಕೂ ಕರೆಂಟು ಕೊಟ್ಟಿದ್ದೆ. ಮೋಟರ್ ಕರೆಂಟಿನಲ್ಲಿ ಎಬ್ಬಿಸುವ ಗದ್ದಲ ಫೈಂಡರಿಗೂ ಹೋಗುತ್ತಿತ್ತು. ಅದಕ್ಕೊಂದು ಬೇರೆ ಬ್ಯಾಟರಿ ಕೊಟ್ಟೆ. ಮೋಟರಿನ ಫ್ಯಾನು ಎಬ್ಬಿಸುವ ಗುಳ್ಳೆಗಳು ತಾಗದಂತೆ ಸೆನ್ಸರನ್ನು ಮರದ ಪಟ್ಟಿಗೆ ಕಟ್ಟಿ ದೋಣಿಯ ಪಕ್ಕಕ್ಕೆ ಇಳಿಬಿಟ್ಟೆ. ಪರದೆ ತಿಳಿಯಾಯಿತು.

“ಲಿಫ್ಟ್ ರಿಪೇರಿ ಮುಗೀತು, ಈಗ ಕೆರೆ ರಿಪೇರಿ,” ಎಂದಳು ಅಮ್ಮ, ಒದ್ದೆ ಬಟ್ಟೆಯಲ್ಲಿ ಮನೆಗೆ ಬಂದ ನನ್ನನ್ನು ನೋಡಿ.

ಗುತ್ತಿಗೆಯವನು ಅಪ್ಪನನ್ನು ತೋಳು ಹಿಡಿದು ದೋಣಿಗೆ ಹತ್ತಿಸುತ್ತ ರೇಗಿಸಿದ.

“ಏನಣ್ಣ, ಏರೋಪ್ಲೇನೇ ತಂದ್ಬಿಟ್ಟಿದೀಯ?”

“ಮಗಳು ಡ್ರೈವರ್ರು, ನಾನು ಪ್ಯಾಸೆಂಜರ್ರು.”

“ಮೀಟರ್ ಮೇಲೆ ಎಷ್ಟು ಕೊಡ್ತೀಯ?”

“ನಮ್ಮ ಹುಡ್ಗಿ ಕರೆದ ಕಡೆ ಬರ್ತಾಳೆ, ನಿಮ್ಮ ಆಟೋದವ್ರ ಥರ ಅಲ್ಲ,” ಎಂದ ಅಪ್ಪ, ತಾನೇ ಆಟೋದವನು ಎಂಬುದನ್ನು ಮರೆತವನ ಹಾಗೆ. ಇಬ್ಬರೂ ನಕ್ಕರು.

ಕೆರೆಯ ಒಳಗನ್ನು ನಾನು ಆ ಪರದೆಯ ಮೇಲೆ ಆಗಲೇ ಮೊದಲು ನೋಡಿದ್ದು. ನೋಡದಿದ್ದರೆ ಚೆನ್ನಾಗಿತ್ತು. ಎಲ್ಲಿಯೂ ಗಟ್ಟಿ ತಳವಿಲ್ಲ. ಊರಿನ ಕೊಳಚೆ ಬಂದು ಕೂತ ಮೆತ್ತನೆಯ ಕೆಸರು, ಅದರಿಂದ ಏಳುವ ಗುಳ್ಳೆಗಳ ಗೆರೆ, ನೀರಿನ ನಡುವೆ ತೇಲುವ ಪ್ಲಾಸ್ಟಿಕ್ ಕವರು. ಫೈಂಡರಿಗೆ ಕವರೂ ಒಂದೇ, ಮೀನೂ ಒಂದೇ, ಎರಡಕ್ಕೂ ಕೀ ಕೀ ಎಂದು ಕೂಗುತ್ತಿತ್ತು. ಹಿಂದೆ ಯಾರೋ ಮಣ್ಣು ತೆಗೆದ ಒಂದು ಆಳದ ಗುಂಡಿಯಲ್ಲಿ ಮಾತ್ರ ಮೀನಿನ ಗುರುತಾದ ದೊಡ್ಡ ಕಮಾನುಗಳು ಕಂಡವು.

“ಅಲ್ಲಿ ಬಾಳೆ ಮೀನು ಐತೆ. ಕೆಳಗೆ ಕಬ್ಬಿಣ ಬಿದ್ದೈತೆ, ಬಲೆ ಹರಿಯುತ್ತೆ ಅಂತ ನಾವು ಹೋಗಲ್ಲ,” ಎಂದ ಗುತ್ತಿಗೆಯವನು, ದಡಕ್ಕೆ ಬಂದು ಕೇಳಿದಾಗ. ನಾನು ಆ ಗುಂಡಿಯ ಸುತ್ತಲೇ ದೋಣಿ ತಿರುಗಿಸತೊಡಗಿದೆ.

ಅಪ್ಪ ಹಿಂದಕ್ಕೆ ಮುಖ ಮಾಡಿ, ನನ್ನೆದುರೇ ಕೂರುತ್ತಿದ್ದ. ಪಕ್ಕದ ಹೋಲ್ಡರಿನಲ್ಲಿ ಕೋಲು. ರೀಲಿನಿಂದ ಹೊರಡುವ ದಾರವನ್ನು ಎಡಗೈಯಿಂದ ಎತ್ತಿ ಬಲಗೈಯ ತೋರುಬೆರಳ ಮೇಲೆ ಹಾಯಿಸಿಕೊಳ್ಳುತ್ತಿದ್ದ. ಆಮೇಲೆ ಕಣ್ಣು ಮುಚ್ಚುತ್ತಿದ್ದ.

“ಆ ಕೀ ಕೀ ನಿಲ್ಸು. ರೀಲು ಟರ್ ಅನ್ನೋದನ್ನೂ ನಿಲ್ಸು.”

“ಮೀನು ಬಂದ್ರೆ ಗೊತ್ತಾಗೋದು ಹೇಗಪ್ಪ?”

“ಅವು ಕೂಗಿದ್ರೆ ಕಿವಿಗೆ ಗೊತ್ತಾಗುತ್ತೆ. ಬೆರಳಿಗೆ ಗೊತ್ತಾಗ್ಬೇಕು.”

ಎರಡರ ಸದ್ದನ್ನೂ ನಿಲ್ಲಿಸಿದೆ.

ಹಲವು ಭಾನುವಾರ ಬರೀ ಕವರು, ಜೊಂಡು, ಒಮ್ಮೆ ಯಾರದೋ ಚಪ್ಪಲಿ. ಗಾಳ ಸಿಕ್ಕಿಕೊಂಡಾಗೆಲ್ಲ ನಾನೇ ಹೇಳಬೇಕಾಗುತ್ತಿತ್ತು. ‘ಕವರಿಗೆ ಏನು ಜೀವ ಇದ್ಯಾ, ಬೆರಳಿಗೆ ಗೊತ್ತಾಗೋಕೆ,’ ಎನ್ನುತ್ತಿದ್ದ ಅಪ್ಪ. ಮತ್ತೆ ಕಣ್ಣು ಮುಚ್ಚುತ್ತಿದ್ದ.

ಆ ಬೆಳಿಗ್ಗೆ ಮೋಡ ಕವಿದಿತ್ತು. ಬಿಸಿಲು ಇರಲಿಲ್ಲ, ಮಳೆಯೂ ಇರಲಿಲ್ಲ. ಗುಂಡಿಯ ಅಂಚಿಗೆ ಬಂದಾಗ ಪರದೆಯಲ್ಲಿ ಒಂದು ದಪ್ಪ ಕಮಾನು ಮೂಡಿತು. ತಲೆಯೆತ್ತಿದೆ. ಕೋಲು ಒಮ್ಮೆ ತಲೆ ಬಾಗಿಸಿ ಎದ್ದಿತು. ಮತ್ತೆ ಬಾಗಿತು, ಈ ಸಲ ಏಳಲಿಲ್ಲ. ರೀಲಿನಿಂದ ದಾರ ಜಗ್ಗಿ ಜಗ್ಗಿ ಹೊರಡತೊಡಗಿತು. ಅದು ಹೋಗುತ್ತಿದ್ದದ್ದು ಅಪ್ಪನ ಬೆರಳ ಮೇಲೆ.

ನಾನು ಕೂಗಲಿಲ್ಲ. ಅವನ ಮುಖ ನೋಡಿದೆ. ಈಗ ಗೊತ್ತಾಗುತ್ತದೆ, ಈಗ, ಎಂದು ಕಾದೆ. ಬೆರಳು ದಾರದ ಜೊತೆ ಅಲುಗುತ್ತಿತ್ತು. ಸತ್ತ ಕೈಯನ್ನು ಮೀನು ಅಲುಗಿಸುತ್ತಿತ್ತು. ಚರ್ಮದ ಮೇಲೆ ಬಿಳಿ ಗೆರೆ ಎದ್ದು, ಅದು ಕೆಂಪಾಗಿ, ರಕ್ತ ಹನಿಯತೊಡಗಿತು. ಅಪ್ಪನ ಮುಖ ಹಾಗೇ ಇತ್ತು. ಕಣ್ಣು ಮುಚ್ಚಿ, ಗಲ್ಲ ಸ್ವಲ್ಪ ಮೇಲೆತ್ತಿ, ಯಾರೋ ಕರೆಯುತ್ತಾರೆ ಎಂದು ಕಾಯುವವನ ಹಾಗೆ ಕೂತಿದ್ದ.

ಕೈ ಚಾಚಿ ದಾರವನ್ನು ಅವನ ಬೆರಳಿಂದ ಎತ್ತಿದೆ, ಮೋಟರ್ ನಿಲ್ಲಿಸಿದೆ. ಅಷ್ಟರಲ್ಲಿ ದಾರ ಸಡಿಲಾಯಿತು. ಮೀನು ಗಾಳ ಬಿಡಿಸಿಕೊಂಡು ಹೋಗಿತ್ತು.

ದೋಣಿ ನಿಂತಿದ್ದಕ್ಕೆ ಅಪ್ಪ ಕಣ್ಣು ತೆರೆದ.

“ಯಾಕೆ ನಿಲ್ಸಿದೆ? ಕವರ್ ಸಿಕ್ತಾ?”

ಹೌದು ಎಂದುಬಿಡಬಹುದಿತ್ತು. ಅಪ್ಪ ನನಗೆ ಆ ದಾರಿಯನ್ನು ತೆರೆದೇ ಇಟ್ಟಿದ್ದ. ಆದರೆ ಕೈ ಅವನ ಕಣ್ಣ ಮುಂದೆಯೇ ಇತ್ತು, ಲುಂಗಿಯ ಮೇಲೆ ಕೆಂಪು ಹರಡುತ್ತಿತ್ತು.

“ಇಲ್ಲಪ್ಪ. ಮೀನು.”

ಅವನು ಬೆರಳು ನೋಡಿದ. ಆಮೇಲೆ ನೀರು ನೋಡಿದ.

“ದೊಡ್ಡದಾ?”

“ದೊಡ್ಡದೇ.”

“ತುಂಬ ಹೊತ್ತು ಎಳೀತಾ?”

“ಹ್ಞೂಂ ಅಪ್ಪ.”

ನನ್ನ ದುಪಟ್ಟಾದ ತುದಿ ಹರಿದು ಬೆರಳಿಗೆ ಸುತ್ತಿದೆ. ಬಿಗಿಯಾಗಿ ಕಟ್ಟುವಾಗಲೂ ಅವನು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ನಾನು ಬೇರೆ ಯಾರದೋ ಗಾಯ ಕಟ್ಟುತ್ತಿರುವ ಹಾಗೆ ನೋಡುತ್ತಿದ್ದ.

“ನೋಯ್ತಾ ಇರ್ಬೇಕಲ್ವೇನಮ್ಮ ಇದಕ್ಕೆ?” ಎಂದು ಕೇಳಿದ.

ಮೋಟರ್ ಮತ್ತೆ ಹಾಕಿದೆ. ದೋಣಿಯನ್ನು ದಡದ ಕಡೆ ತಿರುಗಿಸಿದೆ.

ಆಮೇಲೆ ಅವನು ಕೆರೆಯ ಮಾತೆತ್ತಿಲ್ಲ. ಫಿಸಿಯೋಥೆರಪಿಯ ಹುಡುಗಿ ಬಂದರೆ ಬೇಡ ಎನ್ನುವುದಿಲ್ಲ. ಈಗ ಕೂರುವ ಮೊದಲು ಎಡಗೈಯಿಂದ ಬಲಗೈಯನ್ನು ಮೆಲ್ಲಗೆ ಎತ್ತಿ ತೊಡೆಯ ಮೇಲೆ ಇಡುತ್ತಾನೆ. ಬಾಗಿಲ ಸಂದಿ, ಬಿಸಿ ಪಾತ್ರೆ, ಚಾಕು, ಯಾವುದೂ ಅದಕ್ಕೆ ತಾಗದ ಹಾಗೆ ನೋಡಿಕೊಳ್ಳುತ್ತಾನೆ.