ಈನಿಡ್ ಸಗ್ಡನ್ ಅವರಿಗೆ ನಾವು ಹೇಳದೆ ಉಳಿಸಿದ ಮಾತು

ಯಾರ್ಕ್‌ಷೈರಿನ ನಮ್ಮ ಕಣಿವೆಯಲ್ಲಿ ಲೋಹ ಬಿಗಿದ ಬೂಟಿನಿಂದ ನೆಲದ ಮೇಲೆ ತಾಳ ಹಾಕುವ ಟ್ಯಾಪ್ ನೃತ್ಯವೆಂದರೆ ಮಕ್ಕಳಾಟ, ನಲವತ್ತು ದಾಟಿದ ಹೆಂಗಸಿಗೆ ಹೆಣಿಗೆಯೇ ಗತಿ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಶಾಲೆಯ ಅಡುಗೆಮನೆಯಲ್ಲಿ ದುಡಿಯುತ್ತಿದ್ದ ಶ್ರೀಮತಿ ಈನಿಡ್ ಸಗ್ಡನ್ ಅವರು ಐವರು ಹೆಂಗಸರನ್ನು ಚರ್ಚಿನ ಹಿಂದಿನ ಹಾಲಿನಲ್ಲಿ ಸಾಲಾಗಿ ನಿಲ್ಲಿಸಿ ಈ ಟ್ಯಾಪ್ ಮಂಡಳಿಯನ್ನು ಕಟ್ಟಿದರು. ಮೂವತ್ತಾರು ವರ್ಷಗಳ ಬಳಿಕ, ಎಪ್ಪತ್ತೈದು ತುಂಬಿದ ಈ ಹೊತ್ತಿನಲ್ಲಿ, ಅವರು ನಿವೃತ್ತರಾಗುತ್ತಿದ್ದಾರೆ. ಬರೀ ಹೊಗಳಿ ಮುಗಿಸುವುದು ನನ್ನಿಂದಾಗದು, ಈ ಪತ್ರಿಕೆಯ ಸಂಪಾದಕರು ಮನ್ನಿಸಬೇಕು.

ನಾನು ಅವರನ್ನು ಮೊದಲು ಕಂಡದ್ದು ಗಂಡ ಬಿಟ್ಟುಹೋದ ವರ್ಷ. ಒಳಗೆ ಕಾಲಿಡುವ ಧೈರ್ಯವಿಲ್ಲದೆ ಹಾಲಿನ ಬಾಗಿಲಲ್ಲೇ ನಿಂತಿದ್ದವಳನ್ನು ನೋಡಿ, "ಏನಮ್ಮಾ, ಬಾಗಿಲು ಬೀಳದ ಹಾಗೆ ಹಿಡ್ಕೊಳ್ಳೋಕೆ ಬಂದ್ಯಾ, ಕುಣಿಯೋಕೆ ಬಂದ್ಯಾ?" ಎಂದರು. ಟ್ಯಾಪ್ ಬೂಟು ನನ್ನಲ್ಲಿರಲಿಲ್ಲ. ಮರುವಾರ ನನ್ನ ಹಳೆಯ ಕರಿ ಬೂಟಿನ ಅಡಿಗೆ ಲೋಹದ ತಗಡುಗಳನ್ನು ತಾವೇ ತಿರುಪು ಹಾಕಿ ಬಿಗಿದುಕೊಟ್ಟರು.

ಅವರ ಕಿವಿ ನಮಗೆಲ್ಲ ದಿಗಿಲು. ನಮಗೆ ಬೆನ್ನು ಹಾಕಿ ಮುಂದೆ ಕುಣಿಯುತ್ತಲೇ, "ಬೆರಿಲ್, ನಿನ್ನ ಎಡಗಾಲಿನ ತಿರುಪು ಸಡಿಲ ಆಗಿದೆ, ಹೋಗಿ ಬಿಗಿ ಮಾಡ್ಕೋ" ಎನ್ನುತ್ತಿದ್ದರು. ಒಮ್ಮೆಯೂ ತಪ್ಪಿದ್ದಿಲ್ಲ. ಪತಿ ವಿಲ್ಫ್ರೆಡ್ ತೀರಿಕೊಂಡ ಮೇಲೆ ಅವರನ್ನು ಹೆಸರು ಹಿಡಿದು ಕರೆಯುವ ದನಿಯೆಂದರೆ ಸೋಮವಾರದ ಅಭ್ಯಾಸದಲ್ಲಿ ನಮ್ಮದೊಂದೇ ಆಗಿತ್ತು. ಮಿಕ್ಕ ಆರು ದಿನ ಅವರು ಏನು ಮಾಡುತ್ತಿದ್ದರೆಂದು ನಾವ್ಯಾರೂ ಕೇಳಲಿಲ್ಲ.

ಸುಮಾರು ಮೂರು ವರ್ಷಗಳ ಹಿಂದೆ ಒಂದು ಸೋಮವಾರ ಬೆರಿಲಳ ತಗಡು ಇಡೀ ಹಾಡಿನುದ್ದಕ್ಕೂ ಗಲಗಲ ಅಂದಿತು. ಈನಿಡ್ ತಿರುಗಲಿಲ್ಲ. ನಾವು ಹದಿನೇಳು ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಿವಿಯ ಮಾತೆತ್ತಿದರೆ ಪಾಪ, ನೊಂದುಕೊಳ್ಳುತ್ತಾರೆಂದು ಯಾರೂ ಬಾಯಿ ಬಿಡಲಿಲ್ಲ. ಬದಲಿಗೆ, ನೆಲದ ನಡುಕದಲ್ಲಾದರೂ ತಾಳ ಸಿಗಲೆಂದು ಇನ್ನಷ್ಟು ಜೋರಾಗಿ ತುಳಿದೆವು. ಅದನ್ನೇ ದೊಡ್ಡ ಉಪಕಾರವೆಂದುಕೊಂಡೆವು, ಮೂರ್ಖರು!

ಕಳೆದ ಜೂನಿನಲ್ಲಿ ವೃದ್ಧಾಶ್ರಮವೊಂದರಲ್ಲಿ ನಮ್ಮ ಕಾರ್ಯಕ್ರಮ. ರತ್ನಗಂಬಳಿಯ ಮೇಲೆ ಟ್ಯಾಪ್ ಸದ್ದು ಮಾಡದಾದ್ದರಿಂದ ಎಂದಿನಂತೆ ಹಲಗೆಗಳನ್ನು ಹಾಸಿದ್ದೆವು. ನಡುವೆ ಚಹಾದ ಗಾಡಿ ಹಾಡಿನ ಪೆಟ್ಟಿಗೆಯ ತಂತಿಗೆ ಸಿಕ್ಕಿ ಪ್ಲಗ್ಗು ಕಿತ್ತುಬಂದು ಹಾಡು ನಿಂತಿತು. ನಾವೂ ನಿಂತೆವು. ಮುಂದಿದ್ದ ಈನಿಡ್ ಮಾತ್ರ ನಗುನಗುತ್ತಾ ಕುಣಿಯುತ್ತಲೇ ಇದ್ದರು. ಅದನ್ನು ಒಂಟಿ ನೃತ್ಯವೆಂದು ತಿಳಿದ ಅಜ್ಜ ಅಜ್ಜಿಯರು ಚಪ್ಪಾಳೆ ತಟ್ಟಿದರು. ಕೊನೆಯ ಸುತ್ತಿಗೆ ತಿರುಗಿದಾಗ, ಕೈ ಕಟ್ಟಿ ನಿಂತ ನಮ್ಮ ಸಾಲು ಅವರ ಕಣ್ಣಿಗೆ ಬಿತ್ತು.

ಚಹಾದ ಹೊತ್ತಿಗೆ ಅವರ ಪಕ್ಕ ಹೋಗಿ ಕೂತೆ. ಅವರು ಬಿಸ್ಕತ್ತು ಮುರಿಯುತ್ತಾ, ನನ್ನ ತುಟಿಯನ್ನೇ ನೋಡುತ್ತಾ ಹೇಳಿದರು: "ನೀವೆಲ್ಲ ಜೋರಾಗಿ ತುಳೀತಿದ್ದದ್ದು ನಂಗೊತ್ತಿತ್ತು ಕಣೇ. ಕಾಲಿಗೆ ಗೊತ್ತಾಗಲ್ವಾ? ಯಾರಾದ್ರೂ ಒಬ್ಬರು ಬಾಯಿಬಿಟ್ಟು ಕೇಳ್ತೀರಿ ಅಂತ ಎರಡು ವರ್ಷ ಕಾದೆ. ನಿಮ್ಮ ನಡುವೇನೇ ನಿಂತಿದ್ದೆ, ಆದ್ರೂ ಒಬ್ಬಳೇ ಇದ್ದೆ."

ನಾನು ಅವರ ಬಟ್ಟಲಿಗೆ ಇನ್ನಷ್ಟು ಚಹಾ ಬಗ್ಗಿಸಿದೆ, ಅಷ್ಟೇ. ಆ ವಾರವೇ ಅವರು ರಾಜೀನಾಮೆ ಕಳುಹಿಸಿದರು. ಅಂದಿನಿಂದ ಸೋಮವಾರಗಳಲ್ಲಿ ಹಾಲಿಗೆ ಬಂದಿಲ್ಲ.

ಪೂಜ್ಯರಾದ ಈನಿಡ್ ಸಗ್ಡನ್ ಅವರಿಗೆ ಗಟ್ಟಿ ಮೊಣಕಾಲೂ ದೀರ್ಘಾಯುಷ್ಯವೂ ದೊರೆಯಲಿ. ಹೊಸದಾಗಿ ಸೇರಿದ ನಾಲ್ವರಿಗೆ ಅವರು ಕಾಲುಗಳನ್ನು ಕಣ್ಣಿನಿಂದ ನೋಡಿಯೇ ತಾಳ ಕಲಿಸುವಂತಾಗಲಿ. ಬೀಳ್ಕೊಡುಗೆ ಸಮಾರಂಭದಂದು ಮೇಯರ್ ಮಾತಾಡುತ್ತಾರೆ, ಪಾದ್ರಿ ಮಾತಾಡುತ್ತಾರೆ. ಅದರಲ್ಲಿ ಒಂದಕ್ಷರವೂ ಅವರಿಗೆ ಕೇಳಿಸುವುದಿಲ್ಲ. ನನ್ನನ್ನೂ ವೇದಿಕೆಗೆ ಕರೆದಿದ್ದರು, ಒಲ್ಲೆನೆಂದೆ. ಅವರು ಓದಲೆಂದೇ ಇದನ್ನು ಬರೆದಿದ್ದೇನೆ: ಈನಿಡ್, ನಮಗೆ ಗೊತ್ತಿತ್ತು. ತಪ್ಪಾಯ್ತು. ಸೋಮವಾರ ಬನ್ನಿ.