ಆಪಾ ಒಯ್ದಿದ್ದ ಖಮೀರ

ನಮ್ಮ ಓಣಿಯ ನಾಲ್ಕು ಮುಸ್ಲಿಂ ಮನೆಗಳಿಗೆ ಸೇರಿ ಖಮೀರ ಒಂದೇ ಇತ್ತು. ಖಮೀರವೆಂದರೆ ರೋಟಿ ಉಬ್ಬಿಸುವ ಹುಳಿಹಿಟ್ಟು. ಚೀನಿ ಮಣ್ಣಿನ ಭರಣಿಯಲ್ಲಿ ಅದು ಮನೆಯಿಂದ ಮನೆಗೆ ತಿರುಗುತ್ತಿತ್ತು. ರೋಟಿ ಮಾಡುವವರು ಭರಣಿ ತರಿಸಿಕೊಳ್ಳಬೇಕು, ನಾದಿದ ಹಿಟ್ಟಿನಲ್ಲಿ ಒಂದು ಮುಷ್ಟಿ ಮತ್ತೆ ಅದಕ್ಕೆ ಹಾಕಬೇಕು, ಮುಂದೆ ಕೇಳುವವರು ಬರುವತನಕ ಹಿಟ್ಟು ನೀರು ಕೊಟ್ಟು ಸಾಕಬೇಕು. ನಮ್ಮ ಕಡೆ ದಿನದ ಊಟಕ್ಕೆ ಜೋಳದ ರೊಟ್ಟಿ. ಖಮೀರಿ ರೋಟಿ ಈದಿಗೆ, ಇಲ್ಲವೇ ಬೀಗರು ಬಂದಾಗ. ಒಲೆಯ ಮೇಲೆ ದಪ್ಪ ತಳದ ಪಾತೇಲಿ, ಅದರ ಮುಚ್ಚಳದ ಮೇಲೂ ಕೆಂಡ. ಪಕ್ಕದ ಕುರುಬರ ಮನೆಯ ಕಾಕು ವಾಸನೆ ಹಿಡಿದು ಗೋಡೆಯಾಚೆಯಿಂದಲೇ, "ಏನವಾ, ಇವತ್ತ ಪಾವ್ ಸುಟ್ಟೀರಿ? ಯಾರೋ ಬಂದಾರ ಹಂಗಾರ" ಎನ್ನುತ್ತಿದ್ದಳು. ರೋಟಿಯನ್ನು ಪಾವ್ ಎಂದರೆ ಅಮ್ಮಾನಿಗೆ ಸಿಟ್ಟು. ಆದರೂ ಮೊದಲ ರೋಟಿ ಆ ಗೋಡೆ ದಾಟಿಯೇ ಹೋಗುತ್ತಿತ್ತು.

ಆಪಾ, ಅಂದರೆ ನನ್ನ ಅಕ್ಕ, ಲಗ್ನವಾಗಿ ಸೋನ್ಯಾಳದ ಕಡೆಯ ಹಳ್ಳಿಗೆ ಹೊರಟಾಗ ಅಮ್ಮಾ ಈ ಖಮೀರದಲ್ಲೇ ಒಂದು ಉಂಡೆ ತೆಗೆದು ಸ್ಟೀಲ್ ಡಬ್ಬಿಯಲ್ಲಿಟ್ಟು ಕೊಟ್ಟಳು. ಅತ್ತೆಮನೆಯಲ್ಲಿ ಸೊಸೆ ಮಾಡುವ ಮೊದಲ ರೋಟಿ ಅವಳ ತವರಿನ ಖಮೀರದಿಂದಲೇ ಏಳಬೇಕೆಂಬುದು ನಮ್ಮವರ ರೂಢಿ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಆಪಾ ಬಕ್ರೀದಿಗೆಂದು ತವರಿಗೆ ಬಂದಳು. ಹಬ್ಬ ಮುಗಿಯಿತು, ಕರೆಯಲು ಯಾರೂ ಬರಲಿಲ್ಲ. ಮುಂದಿನ ಬಕ್ರೀದೂ ಬಂದು ಹೋಯಿತು. ಕರೆಯದೆ ಹೋಗುವುದು ನಮ್ಮಲ್ಲಿಲ್ಲ. ಅಬ್ಬಾ ಬೀಗರ ಮನೆಗೆ ಹೋಗಿ, ಚಹಾ ಕುಡಿದು, ಬರಿಗೈಯಲ್ಲಿ ತಿರುಗಿ ಬಂದರು. ಅತ್ತೆಗೆ ಎದುರು ಮಾತಾಡುತ್ತಾಳೆ ಎಂಬುದಷ್ಟೇ ದೂರು. ಎದುರು ಮಾತಾಡದವರು ನಮ್ಮ ಮನೆತನದಲ್ಲಿ ಯಾರಿದ್ದಾರೆ? ಆಪಾ ಆ ಮನೆಗೆ ಮರಳಿ ಹೋಗುತ್ತಾಳೋ ಇಲ್ಲವೋ ಎಂಬ ಒಂದೇ ಚಿಂತೆ ನಮ್ಮ ಮನೆಯನ್ನು ತಿನ್ನತೊಡಗಿತು.

ಆ ಚಿಂತೆಯಲ್ಲಿ ಅಮ್ಮಾನಿಗೆ ಬೇರಾವುದರ ಮೇಲೂ ಲಕ್ಷ್ಯ ಉಳಿಯಲಿಲ್ಲ. ಭರಣಿ ಆಗ ನಮ್ಮಲ್ಲಿತ್ತು. ಬೇಸಿಗೆಯಲ್ಲೊಂದು ದಿನ ಮುಚ್ಚಳ ತೆರೆದರೆ ಒಳಗೆಲ್ಲ ಕೆಂಪು ಬೂಷ್ಟು. ಅಲ್ಲಿಗೆ ನಾಲ್ಕೂ ಮನೆಗಳ ಖಮೀರ ಹಾಳಾಯಿತು. ಯಾರೂ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಚಲೋ ಇತ್ತು, "ಪಾಪ, ಅವರಿಗೆ ಅವರದ್ದೇ ಸಾಕಾಗೇದ" ಎಂದು ಕನಿಕರ ತೋರಿಸಿದರು. ಆ ಕನಿಕರ ನನಗೆ ಇವತ್ತಿಗೂ ಆಗದು.

ಮಳೆಗಾಲದಲ್ಲಿ ಊರೂರು ತಿರುಗಿ ಬಳೆ ಮಾರುವ ಮುದುಕಿ ಬಂದಳು. ಬುಟ್ಟಿಯಿಂದ ಸ್ಟೀಲ್ ಡಬ್ಬಿಯೊಂದನ್ನು ತೆಗೆದು, "ನಿಮ್ಮ ಬೀಗರು ಕೊಟ್ಟಾರ" ಎಂದು ಅಮ್ಮಾನ ಕೈಗಿಟ್ಟು, ಮುಚ್ಚಂಡಿ ಬಸ್ಸಿಗೆ ಹೊತ್ತಾಯಿತೆಂದು ಹೊರಟೇಬಿಟ್ಟಳು. ಡಬ್ಬಿಯಲ್ಲಿ ಖಮೀರ. ಗುಳ್ಳೆ ಎದ್ದು ಹುಳಿ ವಾಸನೆ ಹೊಡೆಯುತ್ತಿತ್ತು.

ಖಮೀರ ಇಲ್ಲದ ಮನೆಗೆ ಊಟಕ್ಕೆ ಹೋಗುವವರು ಮೊದಲೇ ಖಮೀರ ಕಳಿಸುವುದು ನಮ್ಮವರ ಪದ್ಧತಿ. ಬರುತ್ತೇವೆ, ರೋಟಿ ಮಾಡಿಡಿ ಎಂದು ಅದರರ್ಥ.

"ನಾಳಿ ಬರ್ತಾರ. ನಿಮ್ಮ ಆಪಾನ ಕರಕೊಂಡು ಹೋಗಾಕ ಬರ್ತಾರ," ಎಂದಳು ಅಮ್ಮಾ.

ಅಬ್ಬಾ ಆಗಲೇ ಅಂಗಡಿಗೆ ಹೋಗಿ ಮೈದಾ ತಂದರು. ಉಳಿದ ಮೂರೂ ಮನೆಯ ಹೆಂಗಸರು ನೆರೆದರು. ಕಾಕು ಚರಿಗೆಯಲ್ಲಿ ಹಾಲು ತಂದುಕೊಟ್ಟು, "ಈ ಸಲ ಎದುರು ಮಾತಾಡಬ್ಯಾಡ ನಮ್ಮವ್ವ, ಮನಸಿನಾಗ ಬೈಕೋ," ಎಂದಳು. ಎಲ್ಲರೂ ನಕ್ಕರು. ಅಮ್ಮಾ ಹಿಟ್ಟು ಜರಡಿ ಹಿಡಿಯುತ್ತ ಎಲ್ಲರಿಗಿಂತ ಜೋರಾಗಿ ನಕ್ಕಳು. ಆಪಾ ತಲೆ ತಗ್ಗಿಸಿ ನಾದಿದಳು. ನಾಚಿಕೊಂಡಿದ್ದಾಳೆ ಎಂದುಕೊಂಡೆವು.

ಮರುದಿನ ರೋಟಿ ಚೆನ್ನಾಗಿ ಉಬ್ಬಿದವು. ಮಧ್ಯಾಹ್ನದ ಬಸ್ಸಿಗೆ ಯಾರೂ ಬರಲಿಲ್ಲ. ಸಂಜೆಯ ಬಸ್ಸಿನಿಂದ ಇಳಿದವರು ಬೇರೆಯವರ ಮನೆಗೆ ಹೋದರು. ಬಸ್ಸು ತಪ್ಪಿರಬೇಕು ಎಂದಳು ಅಮ್ಮಾ. ಮಾರನೆಯ ದಿನವೂ ಅದನ್ನೇ ಅಂದಳು. ಅಬ್ಬಾ ಗಟ್ಟಿಯಾದ ರೋಟಿಯನ್ನು ಚಹಾದಲ್ಲಿ ಅದ್ದಿ ತಿಂದರು.

ಬಳೆಯ ಮುದುಕಿ ಮತ್ತೆ ಬಂದಾಗ ಅಮ್ಮಾ ಬಾಗಿಲಲ್ಲೇ ತಡೆದು ಕೇಳಿದಳು. "ಯಾವಾಗ ಬರ್ತೀವಿ ಅಂದ್ರು?"

"ಬರ್ತೀವಿ ಅಂತ ಯಾರಂದ್ರವಾ?" ಎಂದಳು ಮುದುಕಿ. "ಅವರ ಮನಿ ಖಮೀರ ಅವರಿಗಿ ಮುಟ್ಟಿಸಿಬಿಡು ಅಂದ್ರು. ನಿಮ್ಮ ಅಳಿಯಂದು ಮತ್ತೊಂದು ಲಗ್ನ ಆಗೇದಲ್ಲ, ಹೊಸ ಸೊಸಿ ತನ್ನ ತವರಿಂದ ತಂದಾಳಂತ. ನಿಮಗ ಗೊತ್ತದ ಅಂತ ತಿಳದಿದ್ದೆ."

ಅಮ್ಮಾ ಒಳಗೆ ಹೋಗಿ ಸೆರಗು ಎಳೆದುಕೊಂಡು ಮಲಗಿದಳು. ಓಣಿಯವರಿಗೆ ಸುದ್ದಿ ಮುಟ್ಟಲು ಹೊತ್ತು ಹಿಡಿಯಲಿಲ್ಲ. ಯಾರೂ ಖಮೀರ ಕೇಳಲು ಬರಲಿಲ್ಲ. ಆಪಾಳೇ ಅದನ್ನು ಮೂರು ಬಟ್ಟಲಿಗೆ ಹಾಕಿ ಮನೆಮನೆಗೆ ಕೊಟ್ಟು ಬಂದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅದನ್ನು ತಿಪ್ಪೆಗೆ ಚೆಲ್ಲುವುದು ಬಿಟ್ಟು ಹಂಚುತ್ತೀಯಲ್ಲ ಎಂದು ಅವಳ ಮೇಲೇ ಹರಿಹಾಯ್ದೆ.

"ಅದು ಈ ಓಣೀದ. ಅದೇನ ಮಾಡೇದ," ಎಂದಳು. ಆಮೇಲೆ ಬಟ್ಟಲು ತೊಳೆಯುತ್ತ ಹೇಳಿದಳು. "ಡಬ್ಬಿ ನೋಡಿದ ಕೂಡಲೇ ನನಗ ತಿಳೀತು. ಬರೋರು ತಮ್ಮ ಡಬ್ಬಿಯೊಳಗ ಕಳಸ್ತಾರ. ಅದು ನಂದು, ಅಮ್ಮಾ ಕೊಟ್ಟಿದ್ದು."

"ಮತ್ತ ಯಾಕ ಹೇಳಲಿಲ್ಲ? ಯಾಕ ನಾದಿದಿ?"

"ಅಮ್ಮಾ ಭಾಳ ದಿವಸಕ್ಕ ನಕ್ಕಿದ್ಳು. ಅದೊಂದಿನ ನಗಲಿ ಅಂತ ಸುಮ್ಮನಿದ್ದೆ."