ಐತಪ್ಪ ಅಂಕಲ್ ಕಲಿತ ಸಿಳ್ಳೆ

ಅಮೆರಿಕದ ಜರ್ಮನ್‌ಟೌನಿನ ಐತಪ್ಪ ಅಂಕಲ್ ಯಾರ ಮುಖವನ್ನೂ ನೋಡುವುದಿಲ್ಲ, ಬಾಯಿ ನೋಡುತ್ತಾರೆ. ಅವರು ಧ್ವನಿವಿಜ್ಞಾನಿ, ಎಲ್ಲರೂ ಮಾಸ್ಕ್ ಹಾಕಿಕೊಂಡ ಆ ಎರಡು ವರ್ಷ ಅವರ ಪಾಲಿಗೆ ಬರೀ ಕತ್ತಲೆ. ಕ್ಯಾಮರೂನಿನ ಬೆಟ್ಟದೂರುಗಳ ಒಂದು ಪುಟ್ಟ ಭಾಷೆಯ ಸದ್ದುಗಳನ್ನು ಅವರು ಅಲ್ಲಿಂದ ಇಲ್ಲಿಗೆ ಬಂದ ಬಸ್ ಡ್ರೈವರ್ ಬರ್ನಬೆ ಒಬ್ಬರಿಂದಲೇ, ಊಟದ ಬಿಡುವಿನಲ್ಲಿ ಆತನ ಬಸ್ಸಿನಲ್ಲೇ ಕೂತು, ಹನ್ನೊಂದು ವರ್ಷ ಕಲಿತರು. ಕನ್ನಡಿಗರೆಲ್ಲ ಒಂದೊಂದು ಅಡುಗೆ ತರುವ ಪಾಟ್‌ಲಕ್ಕಿನಲ್ಲಿ ಬಿಸಿಬೇಳೆಬಾತ್ ಬಾಯಿಗಿಟ್ಟವರನ್ನೂ ತಡೆದು, “ಗ, ಬ ಎರಡನ್ನೂ ಒಟ್ಟಿಗೇ ಹೇಳಿ ನೋಡುವಾ, ಒಂದಾದ್ಮೇಲೆ ಒಂದಲ್ಲ,” ಎನ್ನುತ್ತಾರೆ. ಹೇಳಲು ಹೋದವರ ಅಂಗಿ ಕೆಡುತ್ತದೆ. ಒಂದೇ ಪದವನ್ನು ಮೂರು ಸ್ಥಾಯಿಯಲ್ಲಿ ಹೇಳುತ್ತಾ ಟ್ರ್ಯಾಶ್ ಹಾಕಲು ಹೋಗುತ್ತಾರೆ, ಅಪಾರ್ಟ್‌ಮೆಂಟಿನ ನಾಯಿಗಳೆಲ್ಲ ಕಿವಿ ನಿಮಿರಿಸುತ್ತವೆ. ಅವರ ದೊಡ್ಡ ಹೆಮ್ಮೆಯೆಂದರೆ ಸಕಾರದ ಬಾಲದಲ್ಲಿ ಬರುವ ಒಂದು ಸಣ್ಣ ಸಿಳ್ಳೆ. “ಲೋಕದ ಬೇರೆ ಯಾವ ಭಾಷೆಯಲ್ಲೂ ಇದಿಲ್ಲ ಮಾರಾಯ್ರೆ,” ಎಂದು ಅದನ್ನು ಬರೆಯಲು ಒಂದು ಹೊಸ ಚಿಹ್ನೆ ಮಾಡಿ, ಲೇಖನವನ್ನೂ ಅಚ್ಚು ಹಾಕಿಸಿದ್ದಾರೆ. ಕಳೆದ ತಿಂಗಳು ಬರ್ನಬೆ ತೀರಿಕೊಂಡರು. ಇಲ್ಲೇ ಹುಟ್ಟಿದ ಮಕ್ಕಳಿಗೆ ಅಪ್ಪನ ಭಾಷೆ ಬಾರದು, ಹೆಂಡತಿ ಒಡಿಲ್‌ಗೆ ದನಿಯೇ ಏಳಲಿಲ್ಲ. ಚರ್ಚಿನಲ್ಲಿ ವಿದಾಯದ ಮಾತನ್ನು ಆ ಭಾಷೆಯಲ್ಲಿ ಅಂಕಲ್ಲೇ ಆಡಿದರು. ಮೊದಲ ಸಿಳ್ಳೆಗೇ ಒಡಿಲ್ ಬೆಂಚಿನಿಂದ ಎದ್ದು ನಿಂತರು. ಆಕೆ ನೇರವಾಗಿ ಅಂಕಲ್ ಬಳಿಗೆ ನಡೆದು, “ನಮ್ಮ ಭಾಷೆಯಲ್ಲಿ ಆ ಸಿಳ್ಳೆ ಇಲ್ಲ. ಅದು ನನ್ನ ಗಂಡನ ಮುರಿದ ಹಲ್ಲಿನದು,” ಎಂದರು. ಅಂಕಲ್ ಬಿಳಿಚಿಕೊಂಡರು. ಒಡಿಲ್ ಮಾತ್ರ ಅಂಕಲ್ ಮುಖ ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದರು. “ಇನ್ನೊಂದು ಸಲ ಹೇಳಿ,” ಎಂದರು.